ಹೆಸರು ಅಳಿಸಿಹೋದ ಹಳೇ ರೋಡ್ ಸೈಕಲ್: ಬೆಲೆ ಕಟ್ಟೋದು ಎಲ್ಲಿಂದ ಶುರು?

ಹಳೆಗಾಲಿ:
ಎಲ್ಲರಿಗೂ ನಮಸ್ಕಾರ. ಸ್ಟೀಲ್ ಫ್ರೇಮಿನ ಹಳೇ ರೋಡ್ ಸೈಕಲ್ ಒಂದಕ್ಕೆ ಬೆಲೆ ಕಟ್ಟಬೇಕು. ಸ್ಟಿಕರ್ ಒಂದೂ ಉಳಿದಿಲ್ಲ, ಯಾರೋ ಮೇಲಿಂದ ನೀಲಿ ಬಣ್ಣ ಹೊಡೆಸಿದ್ದಾರೆ. ಅಳತೆ ಹಿಡಿದು ಗುರುತು ಹಾಕಿಕೊಂಡದ್ದು ಇಷ್ಟು:

ಸೀಟ್ ಟ್ಯೂಬ್ (ಸೀಟಿನ ಕೆಳಗಿನ ಕೊಳವೆ) 56 ಸೆಂ.ಮೀ., ಬಾಟಮ್ ಬ್ರಾಕೆಟ್ (ಕ್ರ್ಯಾಂಕಿನ ಆಕ್ಸೆಲ್ ಕೂರೋ ಜಾಗ) ನಡುವಿನಿಂದ ಟಾಪ್ ಟ್ಯೂಬ್ (ಮೇಲಿನ ಅಡ್ಡ ಕೊಳವೆ) ನಡುವಿನ ತನಕ. ಟಾಪ್ ಟ್ಯೂಬ್ 55.5. ಹಿಂದಿನ ಡಿರೇಲರ್ (ಗೇರ್ ಬದಲಿಸೋ ಭಾಗ) ಇಟಲಿಯ ಕ್ಯಾಂಪಗ್ನೋಲೊ ಕಂಪನಿಯ ನ್ಯೂವೊ ರೆಕಾರ್ಡ್, ಮೇಲೆ "ಪ್ಯಾಟ್. 76" ಅಂತ ಅಚ್ಚಿದೆ. ಕ್ರ್ಯಾಂಕ್ (ಪೆಡಲ್ ಕೂರೋ ತೋಳು) ಕೂಡ ಅದೇ ಕಂಪನಿಯದು, 170 ಮಿ.ಮೀ., ಚೈನ್‌ರಿಂಗ್ 52 ಮತ್ತು 42 ಹಲ್ಲು. ಸೈಡ್‌ಪುಲ್ ಬ್ರೇಕ್. ರಿಮ್‌ಗೆ ಅಂಟಿಸೋ ಟ್ಯೂಬ್ಯುಲರ್ ಟೈರು, ಎರಡೂ ಒಣಗಿ ಬಿರಿದಿವೆ. ಹಿಂದಿನ ಡ್ರಾಪ್‌ಔಟ್‌ಗಳ (ಚಕ್ರದ ಆಕ್ಸೆಲ್ ಕೂರೋ ಕಚ್ಚು) ನಡುವೆ 126 ಮಿ.ಮೀ. ಬಾಟಮ್ ಬ್ರಾಕೆಟ್ ಶೆಲ್ (ಹೊರಕವಚ) ಅಗಲ 70 ಮಿ.ಮೀ. ಸೀಟ್‌ಪೋಸ್ಟ್ ಮೇಲೆ 27.2 ಅಂತಿದೆ, ಆದರೆ ಜಾಮ್ ಆಗಿದೆ, ಒಂದಿಷ್ಟೂ ಅಲುಗಲ್ಲ.

ಬೆಲೆ ಕಟ್ಟೋ ಮೊದಲು ಏನೇನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು?

ಚೈನ್‌ಲೈನ್:
ಮೊದಲು ಇಸವಿ ಗೊತ್ತುಮಾಡೋಣ. ಆ ಡಿರೇಲರ್ ಮೇಲಿನ "ಪ್ಯಾಟ್." ಪಕ್ಕದ ಎರಡಂಕಿ ಹೆಚ್ಚುಕಮ್ಮಿ ಅದು ತಯಾರಾದ ವರ್ಷ. 1967ರಲ್ಲಿ ನ್ಯೂವೊ ರೆಕಾರ್ಡ್ ಬಂದಾಗ ಬರೀ ಪೇಟೆಂಟ್ ಅಂತಷ್ಟೇ ಇತ್ತು, ವರ್ಷದ ಅಂಕಿ ಸೇರಿದ್ದು ಆಮೇಲೆ. ಈಗ ಕ್ರ್ಯಾಂಕ್ ತೋಳನ್ನು ತಿರುಗಿಸಿ ಹಿಂಬದಿ ನೋಡಿ. ವಜ್ರಾಕೃತಿಯೊಳಗೆ ಒಂದಂಕಿ ಇದ್ದರೆ ಅದು ಎಪ್ಪತ್ತರ ದಶಕದ ವರ್ಷ, ವೃತ್ತದೊಳಗಿದ್ದರೆ ಎಂಬತ್ತರ ದಶಕದ್ದು. ಎಡಗಡೆ ಬಲಗಡೆ ಎರಡೂ ನೋಡಿ. ಒಂದರಲ್ಲಿ 7, ಇನ್ನೊಂದರಲ್ಲಿ ಬೇರೇನೋ ಇದ್ದರೆ ಒಂದು ತೋಳು ಬದಲಾಗಿದೆ ಅಂತ ಅರ್ಥ, ಜೋಡಿಯ ಬೆಲೆ ಅಲ್ಲೇ ಇಳಿಯುತ್ತೆ.

ಚೈನ್‌ರಿಂಗ್ ಬೋಲ್ಟ್ ವೃತ್ತದ ವ್ಯಾಸವೂ ಸಾಕ್ಷಿ ಹೇಳುತ್ತೆ. 1967ಕ್ಕೆ ಮೊದಲು ರೆಕಾರ್ಡ್ ಕ್ರ್ಯಾಂಕ್‌ಗೆ 151 ಮಿ.ಮೀ., ಆಮೇಲೆ 144. 144ಕ್ಕೆ 41 ಹಲ್ಲಿಗಿಂತ ಚಿಕ್ಕ ರಿಂಗ್ ಕೂರೋದಿಲ್ಲ, ಹಾಗಾಗಿ ನಿಮ್ಮ 42 ಸರಿಯಾಗೇ ಇದೆ.

ಶಿಮಾನೋ ಭಾಗಗಳಿದ್ದರೆ ಇನ್ನೂ ಸುಲಭ. ಎರಡು ಇಂಗ್ಲಿಷ್ ಅಕ್ಷರದ ಅಚ್ಚು ಇರುತ್ತೆ. ಮೊದಲನೆಯದು ವರ್ಷ, 'ಎ' ಅಂದರೆ 1976, 'ಬಿ' 1977, ಹೀಗೆ ಮುಂದಕ್ಕೆ. ಎರಡನೆಯದು ತಿಂಗಳು, 'ಎ' ಜನವರಿಯಿಂದ 'ಎಲ್' ಡಿಸೆಂಬರ್ ತನಕ. 'ಜೆ ಸಿ' ಇದ್ದರೆ 1985ರ ಮಾರ್ಚ್.

ಒಂದು ಎಚ್ಚರಿಕೆ. ಇದೆಲ್ಲ ಭಾಗಗಳ ವಯಸ್ಸು, ಫ್ರೇಮಿನ ವಯಸ್ಸನ್ನು ಫ್ರೇಮೇ ಹೇಳಬೇಕು. ಗೇರ್ ಲಿವರ್, ಕೇಬಲ್ ಗೈಡ್, ಬ್ರೇಕ್ ಕೇಬಲ್ ಹಿಡಿಯೋ ಕ್ಲಿಪ್ ಇವೆಲ್ಲ ಪಟ್ಟಿ ಸುತ್ತಿ ಬೋಲ್ಟ್ ಹಾಕಿದ್ದಾ, ಬ್ರೇಜ್ ಮಾಡಿ (ಕರಗಿಸಿದ ಲೋಹದಿಂದ ಬೆಸೆದು) ಕೂರಿಸಿದ್ದಾ? ನೀರಿನ ಬಾಟಲಿಗೆ ಒಂದು ಜೊತೆ ಬಾಸ್ (ಬೋಲ್ಟ್ ಹಾಕೋ ತೂತು) ಇದೆಯಾ, ಎರಡಾ? ಗೇರ್ ಕೇಬಲ್ ಬಾಟಮ್ ಬ್ರಾಕೆಟ್ ಮೇಲಿಂದ ಹೋಗುತ್ತಾ ಕೆಳಗಿಂದಲಾ? ಎರಡು ಬಾಟಲಿ ಬಾಸ್, ಕೆಳಗಿಂದ ಹೋಗೋ ಕೇಬಲ್ ಇದ್ದರೆ ಅದು ಸಾಮಾನ್ಯವಾಗಿ ಎಂಬತ್ತರ ದಶಕದ ಕೆಲಸ.

ಹಳೆಗಾಲಿ:
ಕ್ರ್ಯಾಂಕ್ ಎರಡೂ ಕಡೆ ವಜ್ರದೊಳಗೆ 7. ಲಿವರ್ ಪಟ್ಟಿಯದು. ಟಾಪ್ ಟ್ಯೂಬ್ ಮೇಲೆ ಬ್ರೇಕ್ ಕೇಬಲ್‌ಗೆ ಮೂರು ಕ್ಲಿಪ್. ಡೌನ್ ಟ್ಯೂಬ್‌ನಲ್ಲಿ ಒಂದೇ ಜೊತೆ ಬಾಸ್. ಕೇಬಲ್ ಮೇಲಿಂದ.

ಚೈನ್‌ಲೈನ್:
ಹಾಗಾದರೆ 1977ರ ಆಸುಪಾಸಿನ ಫ್ರೇಮು, ಅದೇ ಕಾಲದ ಭಾಗಗಳು. ಅಲ್ಲಿಗೆ ಒಂದು ಮೆಟ್ಟಿಲು. ಆದರೆ ಹಳೇದು ಅಂದ ಮಾತ್ರಕ್ಕೆ ಬೆಲೆ ಬರಲ್ಲ, ಇದನ್ನ ಬಿಡಿಸಿ ಹೇಳಲೇಬೇಕು. 1970ರಿಂದ 74ರ ತನಕ ಅಮೆರಿಕದಲ್ಲಿ ಹತ್ತು ಗೇರಿನ ಸೈಕಲ್‌ಗೆ ಜನ ಮುಗಿಬಿದ್ದರು, ಕಂಪನಿಗಳು ಲಕ್ಷಗಟ್ಟಲೆ ತಯಾರಿಸಿ ಸುರಿದವು. ಪ್ಯೂಜೋ ಯುಓ-8, ರ್‍ಯಾಲೀ ರೆಕಾರ್ಡ್, ಶ್ವಿನ್ ವರ್ಸಿಟಿ ಎಲ್ಲ ಆ ಬೆಳೆ. ವರ್ಸಿಟಿಯ ತೂಕವೇ 17 ಕಿಲೋ ದಾಟುತ್ತೆ. ಐವತ್ತು ವರ್ಷ ಆದರೂ ಇವು ಇನ್ನೂ ಎಲ್ಲೆಂದರಲ್ಲಿ ಸಿಗುತ್ತವೆ, ಅದಕ್ಕೇ ದಿನಬಳಕೆಯ ಸೈಕಲ್ ಬೆಲೆಗಿಂತ ಮೇಲೇಳಲ್ಲ. ಅದೇ ಇಸವಿಯ ಇಟಲಿಯ ರೇಸ್ ಸೈಕಲ್ ಚಿನೆಲ್ಲಿ ಸೂಪರ್‌ಕೋರ್ಸಾ ಪಕ್ಕದಲ್ಲಿ ನಿಂತಿದ್ದರೆ ಬೆಲೆಯಲ್ಲಿ ಹತ್ತಿಪ್ಪತ್ತು ಪಟ್ಟು ಅಂತರ.

ಲಗ್ ನೋಟ:
ಶೆಲ್ 70 ಮಿ.ಮೀ. ಅಂದ ಕೂಡಲೇ ಇಟಲಿ ಅಂತ ಮನಸ್ಸು ಹೋಗುತ್ತದೆ, ಸರಿಯೇ. ಆದರೆ ಥ್ರೆಡ್ ನೋಡದೆ ಬರೆದಿಡಬೇಡಿ. ಇಟಾಲಿಯನ್ ಕಪ್ಪಿನ (ಶೆಲ್ಲಿಗೆ ತಿರುಗಿಸಿ ಕೂರಿಸುವ ಬೇರಿಂಗ್ ಬಟ್ಟಲು) ಹೊರವ್ಯಾಸ 36 ಮಿ.ಮೀ., ಇಂಚಿಗೆ 24 ಥ್ರೆಡ್, ಎರಡೂ ಬದಿ ಬಲಕ್ಕೆ ತಿರುಗಿಸಿ ಬಿಗಿಮಾಡುವಂಥದ್ದು. ಅದಕ್ಕೇ ಬಲಬದಿಯ ಕಪ್ಪು ಓಡಿಸುತ್ತ ಓಡಿಸುತ್ತ ಸಡಿಲವಾಗುವ ಕಾಯಿಲೆ ಇಟಾಲಿಯನ್ ಫ್ರೇಮುಗಳಿಗಿದೆ. ಇಂಗ್ಲಿಷ್ ಶೆಲ್ 68 ಮಿ.ಮೀ., ಥ್ರೆಡ್ 1.37 ಇಂಚು, ಅದಕ್ಕೂ ಇಂಚಿಗೆ 24, ಆದರೆ ಬಲಬದಿಯ ಕಪ್ಪು ಎಡಕ್ಕೆ ತಿರುಗಿಸಿ ಬಿಗಿಮಾಡಬೇಕು. ಫ್ರೆಂಚ್ 35 ಮಿ.ಮೀ., ಒಂದು ಮಿ.ಮೀ. ಪಿಚ್, ಎರಡೂ ಬಲಕ್ಕೆ. ಸ್ವಿಸ್ ಅಳತೆ ಫ್ರೆಂಚಿನದೇ, ಬಲಬದಿ ಮಾತ್ರ ಎಡಕ್ಕೆ.

ವರ್ನಿಯರ್ ಹಿಡಿದರೆ 36 ಬೇರೆಯಾಗಿ ಎದ್ದು ಕಾಣುತ್ತದೆ. ಇಂಗ್ಲಿಷ್ 34.8, ಫ್ರೆಂಚ್ 35 ಇವೆರಡು ಮಾತ್ರ ಕಣ್ಣಿಗೆ ಮೋಸ ಮಾಡುತ್ತವೆ. ಅಲ್ಲಿ ಅಳತೆಗಿಂತ ಕಪ್ಪಿನ ಮುಖದ ಮೇಲಿನ ಅಚ್ಚನ್ನೂ ತಿರುಗುವ ದಿಕ್ಕನ್ನೂ ನಂಬಿ.

ಬೆಲೆಗೂ ಇದಕ್ಕೂ ನೇರ ಸಂಬಂಧವಿದೆ. ಫ್ರೆಂಚ್ ಫ್ರೇಮು ಕೊಳ್ಳುವವನು ಹ್ಯಾಂಡಲ್ ಸ್ಟೆಮ್ 22.2ರ ಬದಲು 22 ಮಿ.ಮೀ.ಯದು, ಪೆಡಲ್ 14 ಮಿ.ಮೀ. ಥ್ರೆಡ್ಡಿನದು, ಫ್ರೀವೀಲ್ 34.7 ಮಿ.ಮೀ.ಯದು ಹುಡುಕಬೇಕು. ಆ ಪಾಡಿಗೆ ಹೆದರಿ ಅರ್ಧ ಜನ ಹಿಂದೆ ಸರಿಯುತ್ತಾರೆ.

ಈಗ ಟ್ಯೂಬಿನ ಗುಣ. ಸ್ಟಿಕರ್ ಹೋದ ಮೇಲೆ ಸೀಟ್‌ಪೋಸ್ಟಿನ ವ್ಯಾಸವೇ ಮೊದಲ ಸಾಕ್ಷಿ. ಸೀಟ್ ಟ್ಯೂಬಿನ ಹೊರವ್ಯಾಸ 28.6. ಇಟಲಿಯ ಟ್ಯೂಬ್ ಕಂಪನಿ ಕೊಲಂಬಸ್‌ನ ಎಸ್ಎಲ್‌ನಲ್ಲಿ ಮೇಲ್ತುದಿಯ ಗೋಡೆ 0.6 ಮಿ.ಮೀ., ಎರಡು ಬದಿ ಕಳೆದರೆ 27.4 ಉಳಿಯುತ್ತದೆ, ಅದರೊಳಗೆ 27.2 ಪೋಸ್ಟ್ ಸಲೀಸಾಗಿ ಕೂರುತ್ತದೆ. ಇಂಗ್ಲೆಂಡಿನ ರೆನಾಲ್ಡ್ಸ್ 531 ಡಬಲ್ ಬಟೆಡ್ (ಎರಡೂ ತುದಿ ದಪ್ಪ, ನಡು ತೆಳು) ಟ್ಯೂಬಿನ ಫ್ರೇಮಿಗೂ 27.2. ಕೊಲಂಬಸ್ ಎಸ್‌ಪಿ ಸ್ವಲ್ಪ ದಪ್ಪ, ಅದಕ್ಕೆ 27.0. ಪೋಸ್ಟು 26ರ ಕೆಳಗಿಳಿದರೆ ಸಾಮಾನ್ಯ ಕೊಳವೆ ಅಂತಲೇ ತಿಳಿಯಿರಿ. ಆದರೆ ಫ್ರೆಂಚ್ ಮೆಟ್ರಿಕ್ ಟ್ಯೂಬಿನ ಹೊರವ್ಯಾಸವೇ 28.0, ಹಾಗಾಗಿ ಪ್ಯೂಜೋ ಪಿಎಕ್ಸ್-10 ಪೂರ್ತಿ 531 ಆಗಿದ್ದರೂ ಪೋಸ್ಟು 26.4. ಇದು ಗೊತ್ತಿಲ್ಲದೆ ಒಳ್ಳೆಯ ಫ್ರೇಮನ್ನು ಕಬ್ಬಿಣದ ಬೆಲೆಗೆ ಬಿಟ್ಟವರಿದ್ದಾರೆ.

ಎರಡನೇ ಸಾಕ್ಷಿ ಫೋರ್ಕ್ ಸ್ಟೀರರ್, ಅಂದರೆ ಹೆಡ್ ಟ್ಯೂಬಿನೊಳಗೆ ಹೋಗುವ ಫೋರ್ಕಿನ ಕೊಳವೆ. ಮುಂದಿನ ಬ್ರೇಕ್ ಬಿಚ್ಚಿ, ಫೋರ್ಕ್ ಕ್ರೌನ್ (ಫೋರ್ಕಿನ ಎರಡು ಕಾಲು ಸೇರುವ ಜಾಗ) ಕೆಳಗಿಂದ ಟಾರ್ಚ್ ಬಿಟ್ಟು ನೋಡಿ. ಕೊಲಂಬಸ್ ಸ್ಟೀರರ್ ಒಳಗೆ ಬುಡದಲ್ಲಿ ಬಂದೂಕಿನ ನಳಿಗೆಯ ಹಾಗೆ ಸುರುಳಿಯಾಗಿ ಏರುವ ಐದು ಏಣುಗಳು ಕಾಣುತ್ತವೆ. ಸ್ಟೀರರ್ ಹೊರಮೈ ಮೇಲೆ ಪಾರಿವಾಳದ ಅಚ್ಚೂ ಇರುತ್ತದೆ, ಅದಕ್ಕೆ ಫೋರ್ಕ್ ಇಳಿಸಬೇಕು.

ಬೆಲೆಪಟ್ಟಿ:
ಅಳತೆ ಎಲ್ಲ ಚೆನ್ನಾಗಿ ಬಂತು. ದುಡ್ಡಿನ ಲೆಕ್ಕದ ದಾರಿಯನ್ನೂ ಹೇಳಿಬಿಡ್ತೀನಿ.

ಮೊದಲು ಯಾವ ಬೆಲೆ ಬೇಕು ಅಂತ ತೀರ್ಮಾನ ಮಾಡಿ. ಸವಾರನಿಗೆ ಕೈಯಿಂದ ಕೈಗೆ ಮಾರೋ ಬೆಲೆ ಒಂದು. ಅಂಗಡಿಯವರು ರಿಪೇರಿ ಮಾಡಿ, ಖಾತರಿ ಕೊಟ್ಟು ಮಾರೋ ಬೆಲೆ ಇನ್ನೊಂದು. ವಿಮೆಗೆ ಬರೆಯೋದು ಮೂರನೆಯದು, ಅಲ್ಲಿ ಅಂಥದ್ದನ್ನೇ ಮತ್ತೆ ಕೊಳ್ಳೋಕೆ ಎಷ್ಟು ಬೇಕಾಗುತ್ತೆ ಅನ್ನೋದು ಲೆಕ್ಕ. ಒಂದೇ ಸೈಕಲ್‌ಗೆ ಮೂರೂ ಬೇರೆ ಬೇರೆ, ಒಂದನ್ನ ಇನ್ನೊಂದಕ್ಕೆ ಸಾಕ್ಷಿಯಾಗಿ ತರೋದೇ ಜಗಳದ ಮೂಲ.

ಜಾಹೀರಾತಿನಲ್ಲಿ ಕೇಳಿರೋ ಬೆಲೆ ನೋಡಬೇಡಿ. ಕೇಳೋರು ಆಕಾಶಕ್ಕೂ ಕೇಳ್ತಾರೆ. ವ್ಯಾಪಾರ ಮುಗಿದದ್ದರ ಬೆಲೆ ಮಾತ್ರ ಎತ್ತಿಕೊಳ್ಳಿ: ಅದೇ ತಯಾರಕ, ಅದೇ ಮಾದರಿ, ಎರಡು ಮೂರು ವರ್ಷ ಹಿಂದೆ ಮುಂದೆ, ಅಳತೆಯಲ್ಲಿ ಎರಡು ಸೆಂ.ಮೀ. ಆಚೀಚೆ. ಆರೇಳು ಸಿಕ್ಕರೆ ಎಲ್ಲಕ್ಕಿಂತ ಮೇಲಿನದನ್ನೂ ಕೆಳಗಿನದನ್ನೂ ಬಿಟ್ಟು ನಡುವಿನವುಗಳನ್ನು ಹಿಡಿಯಿರಿ.

ಅದರಿಂದ ಕಳೀತಾ ಬನ್ನಿ. ಟೈರು ಎರಡು, ಬ್ರೇಕ್ ಗೇರ್ ಕೇಬಲ್ ಒಳಗಿನದು ಹೊರಗಿನದು ಎಲ್ಲ, ನಾಲ್ಕು ಬ್ರೇಕ್ ರಬ್ಬರ್, ಚೈನು, ಹ್ಯಾಂಡಲ್ ಟೇಪು, ಎರಡು ಹಬ್ ಮತ್ತು ಬಾಟಮ್ ಬ್ರಾಕೆಟ್ ಮತ್ತು ಹೆಡ್‌ಸೆಟ್‌ಗೆ (ಹ್ಯಾಂಡಲ್ ತಿರುಗೋ ಬೇರಿಂಗ್) ಹೊಸ ಗುಂಡು, ಗ್ರೀಸ್. ಈ ಸಾಮಾನಿಗೆ ಕೂಲಿ ಸೇರಿಸಿ ನಿಜವಾದ ಮೊತ್ತ ಬರೆಯಿರಿ. ಸಾಧಾರಣ ಸೈಕಲ್ ಆದರೆ ಈ ಖರ್ಚೇ ಅದರ ಬೆಲೆಯನ್ನ ನುಂಗಿಬಿಡುತ್ತೆ. ನಿಮ್ಮದರಲ್ಲಿ ಬ್ರೇಕ್ ಲಿವರಿನ ರಬ್ಬರ್ ಹುಡ್ ಹೇಗಿದೆ ಬರೆದಿಲ್ಲ. ಭೂಗೋಳದ ಲಾಂಛನ ಇರೋ ಮೂಲ ಕ್ಯಾಂಪಗ್ನೋಲೊ ಹುಡ್ ಹರಿಯದೆ ಉಳಿದಿದ್ದರೆ ಅದಕ್ಕೇ ಪ್ರತ್ಯೇಕ ಗಿರಾಕಿ ಇದ್ದಾರೆ.

ಅಳತೆಯನ್ನ ಹಗುರ ಮಾಡಬೇಡಿ. 54ರಿಂದ 58 ಸೆಂ.ಮೀ. ಹೆಚ್ಚು ಜನಕ್ಕೆ ಹೊಂದುತ್ತೆ, ಬೇಗ ಬಿಕರಿ. 50ರ ಕೆಳಗೆ, 62ರ ಮೇಲೆ ಹೋದರೆ ಅದೇ ಫ್ರೇಮು ತಿಂಗಳುಗಟ್ಟಲೆ ಕೂತಿರುತ್ತೆ. ಅಳತೆ ಹೇಳುವಾಗ ನಡುವಿನಿಂದ ನಡುವಿಗೋ ತುದಿಗೋ ಅಂತ ಬರೀಲೇಬೇಕು, ಒಂದೂವರೆ ಸೆಂ.ಮೀ. ತನಕ ವ್ಯತ್ಯಾಸ ಬರುತ್ತೆ.

ಇನ್ನೊಂದು ಸಂಗತಿ. ಇಟಲಿಯ ಗಾಯೋಲೆ ಇನ್ ಕಿಯಾಂತಿಯಲ್ಲಿ 1997ರಿಂದ ನಡೀತಿರೋ ಲೆರೋಯಿಕಾ ಸವಾರಿಗೆ 1987ರ ತನಕದ ರೋಡ್ ಸೈಕಲ್ ಬೇಕು, ಗೇರ್ ಲಿವರ್ ಡೌನ್ ಟ್ಯೂಬ್ ಮೇಲಿರಬೇಕು, ಪೆಡಲ್‌ಗೆ ಕ್ಲಿಪ್ಪು ಪಟ್ಟಿ ಇರಬೇಕು, ಬ್ರೇಕ್ ಕೇಬಲ್ ಹ್ಯಾಂಡಲ್ ಟೇಪಿನ ಹೊರಗಿರಬೇಕು. ಈ ನಿಯಮಕ್ಕೆ ಹೊಂದೋ ಸೈಕಲ್‌ಗೆ ಬೇಡಿಕೆ ಬೇರೆಯೇ. ನಿಮ್ಮದು ಆ ಲೆಕ್ಕಕ್ಕೆ ಬರುತ್ತೆ.

ಹಳೆಗಾಲಿ:
ಹುಡ್ ಹರಿದಿವೆ, ಬಲಗಡೆಯದು ಅರ್ಧ ಉದುರಿದೆ. ಕಪ್ಪಿನ ವ್ಯಾಸ 35.9 ಬಂತು, ಹಾಗಾಗಿ ಇಟಾಲಿಯನ್. ಬಿಡಿಬಿಡಿಯಾಗಿ ಮಾರಿದರೆ ಹೆಚ್ಚು ಬರುತ್ತೆ ಅಂತಾರಲ್ಲ, ನಿಜವಾ? ಮತ್ತೆ ಈ ಸೀಟ್‌ಪೋಸ್ಟಿಗೆ ಎಷ್ಟು ಕಳೀಬೇಕು?

ತುಕ್ಕುವೈರಿ:
ಸೀಟ್‌ಪೋಸ್ಟ್ ವಿಷಯ ನಾನು ಹೇಳ್ತೀನಿ, ಇದು ಬೆಲೆಗೆ ದೊಡ್ಡ ಹೊಡೆತ ಕೊಡೋ ದೋಷ. ಅಲ್ಯೂಮಿನಿಯಂ ಪೋಸ್ಟು, ಸ್ಟೀಲ್ ಟ್ಯೂಬು, ನಡುವೆ ಬೆವರು ಮಳೆ ನೀರು ಸೇರಿದರೆ ಅದೊಂದು ಬ್ಯಾಟರಿ. ಅಲ್ಯೂಮಿನಿಯಂ ತಿನ್ನಿಸಿಕೊಂಡು ಬಿಳೀ ಪುಡಿಯಾಗುತ್ತೆ, ಆ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಕೇಳುತ್ತೆ, ಹಾಗೇ ಬೆಣೆ ಹೊಡೆದಂತೆ ಕೂತುಬಿಡುತ್ತೆ.

ಬಿಡಿಸೋ ಕ್ರಮ: ಮೊದಲು ಸೀಟ್ ಬೋಲ್ಟ್ ಪೂರ್ತಿ ತೆಗೆಯಿರಿ. ಬಾಟಮ್ ಬ್ರಾಕೆಟ್ ಬಿಚ್ಚಿ ಫ್ರೇಮನ್ನು ತಲೆಕೆಳಗೆ ಮಾಡಿ, ಸೀಟ್ ಟ್ಯೂಬ್ ಒಳಗೆ ತುಕ್ಕು ಬಿಡಿಸೋ ತೆಳು ಎಣ್ಣೆ ಸುರಿದು ದಿನಗಟ್ಟಲೆ ಬಿಡಿ. ಮೇಲಿಂದ ಹಾಕಿದ ಎಣ್ಣೆ ಕಾಲರ್ ದಾಟಿ ಇಳಿಯೋದು ಕಮ್ಮಿ, ಒಳಗಿಂದ ಕೂಡ ಬರಬೇಕು. ಆಮೇಲೆ ಪೋಸ್ಟಿನ ತಲೆಯನ್ನ ಗಟ್ಟಿ ವೈಸ್‌ನಲ್ಲಿ ಹಿಡಿದು ಫ್ರೇಮನ್ನೇ ಹ್ಯಾಂಡಲ್ ಮಾಡಿಕೊಂಡು ನಿಧಾನಕ್ಕೆ ತಿರುಗಿಸಿ. ಕಟಕ್ ಅಂದರೆ ಅರ್ಧ ಗೆದ್ದ ಹಾಗೆ. ಜೋರು ಮಾಡಿದರೆ 0.6 ಮಿ.ಮೀ. ಗೋಡೆ ತಿರುಚಿಕೊಳ್ಳುತ್ತೆ, ಇಲ್ಲ ಸೀಟ್ ಲಗ್ಗಿನ (ಕೊಳವೆಗಳು ಸೇರೋ ಕಡೆಯ ಕವಚ) ಕಿವಿ ಸೀಳುತ್ತೆ.

ಬೆಂಕಿ ಹಿಡಿಯೋದು ತಪ್ಪು. ಅದೇ ಬಿಸಿಗೆ ಅಲ್ಯೂಮಿನಿಯಂ ಸ್ಟೀಲಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತೆ, ಇನ್ನೂ ಬಿಗಿಯಾಗುತ್ತೆ, ಬಣ್ಣ ಬೇರೆ ಸುಡುತ್ತೆ. ತಣ್ಣಗೆ ಮಾಡಬೇಕು. ಒಣ ಮಂಜುಗಡ್ಡೆಯನ್ನ ಪೋಸ್ಟಿನ ಟೊಳ್ಳಿಗೆ ತುಂಬಿದರೆ ಅದು ಕುಗ್ಗುತ್ತೆ, ಆಗ ತಿರುಗಿಸಿ. ದಪ್ಪ ಕೈಗವಸು ಇಲ್ಲದೆ ಅದನ್ನ ಮುಟ್ಟಬೇಡಿ.

ಕೊನೇ ದಾರಿ ಕಾಸ್ಟಿಕ್ ಸೋಡಾ ದ್ರಾವಣ. ಅದು ಸ್ಟೀಲನ್ನ ಬಿಟ್ಟು ಅಲ್ಯೂಮಿನಿಯಂ ಕರಗಿಸುತ್ತೆ. ಆದರೆ ಹೈಡ್ರೋಜನ್ ಗಾಳಿ ಬರುತ್ತೆ, ಕುದಿಯೋ ಹಾಗೆ ಬಿಸಿಯಾಗುತ್ತೆ, ಬಣ್ಣ ಎದ್ದುಹೋಗುತ್ತೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತೆ. ಬಯಲಲ್ಲಿ, ಕನ್ನಡಕ ಗವಸು ಹಾಕಿ, ಕಿಡಿ ಬೆಂಕಿ ಹತ್ತಿರ ಇಲ್ಲದ ಕಡೆ ಮಾತ್ರ. ಪೋಸ್ಟನ್ನ ಕಳಕೊಂಡೆ ಅಂತ ಮೊದಲೇ ಲೆಕ್ಕಕ್ಕೆ ಬರೆದುಬಿಡಿ.

ಬೆಲೆಗೆ ಅಂದರೆ: ಪೋಸ್ಟು ಸವಾರನ ಎತ್ತರಕ್ಕೆ ನಿಂತಿದ್ದರೂ ಕೊಳ್ಳೋನು ಬಿಡಿಸಲಾಗದು ಅಂತಲೇ ಭಾವಿಸಿ ಲೆಕ್ಕ ಹಾಕ್ತಾನೆ. ಮೂರರಲ್ಲಿ ಒಂದು ಪಾಲು ಕಳೆದು ಮಾತಾಡಿದರೆ ಅನ್ಯಾಯ ಅನ್ನೋಕಾಗಲ್ಲ. ಸ್ಟೆಮ್ಮೂ ಅಲುಗುತ್ತಾ ನೋಡಿದ್ದೀರಾ? ಬೋಲ್ಟನ್ನ ನಾಲ್ಕು ಸುತ್ತು ಸಡಿಲಿಸಿ, ತಲೆ ಮೇಲೆ ಮರದ ತುಂಡಿಟ್ಟು ಒಂದೇಟು ಕೊಡಿ. ಒಳಗಿನ ಬೆಣೆ ಕೆಳಗೆ ಬಿದ್ದರೆ ಸ್ಟೆಮ್ ಬಿಡಬೇಕು.

ಕಡ್ಡಿ36:
ಬಿಡಿಯಾಗಿ ಮಾರೋ ಪ್ರಶ್ನೆಗೆ. ಫ್ರೇಮು ಅನಾಮಿಕ, ಭಾಗಗಳು ನ್ಯೂವೊ ರೆಕಾರ್ಡ್ ಅಂದಾಗ ಬಿಡಿಭಾಗದ ಮೊತ್ತವೇ ಇಡೀ ಸೈಕಲ್ಲಿಗಿಂತ ಮೇಲೆ ಹೋಗೋದು ಸಾಮಾನ್ಯ. ಆದರೆ ಮಾರೋ ಮೊದಲು ಕ್ರ್ಯಾಂಕ್ ಬಿರುಕು ನೋಡಿ. ಈ ಮಾದರಿ ಬಿರಿಯೋ ಜಾಗ ಗೊತ್ತಿರೋದೇ: ಬಲಗಡೆ ತೋಳು ಜೇಡದ ಕಾಲಿಗೆ (ಚೈನ್‌ರಿಂಗ್ ಹಿಡಿಯೋ ಕವಲಿಗೆ) ಸೇರೋ ಆ ಚೂಪು ಮೂಲೆಯಲ್ಲಿ, ಮತ್ತೆ ಪೆಡಲ್ ಕಣ್ಣಿನ ಸುತ್ತ.

ಬರಿಗಣ್ಣಿಗೆ ಕಾಣಲ್ಲ. ಹಳೇ ಹಲ್ಲುಜ್ಜೋ ಬ್ರಷ್‌ನಿಂದ ಮೂಲೆಯ ಗ್ರೀಸ್ ಕೆರೆದು ತೆಗೆಯಿರಿ. ಅಲ್ಲಿಗೆ ಸೀಮೆಎಣ್ಣೆ ಹಚ್ಚಿ ಹತ್ತು ನಿಮಿಷ ಬಿಡಿ. ಒಣ ಬಟ್ಟೆಯಲ್ಲಿ ಎಣ್ಣೆಯ ಸುಳಿವೂ ಇಲ್ಲದ ಹಾಗೆ ಒರೆಸಿ, ಸೀಮೆಸುಣ್ಣದ ಪುಡಿ ತೆಳ್ಳಗೆ ಉದುರಿಸಿ ಕಾಯಿರಿ. ಬಿರುಕಿದ್ದರೆ ಅದರೊಳಗೆ ಇಳಿದ ಎಣ್ಣೆ ಮೇಲೆ ಬಂದು ಬಿಳೀ ಪುಡಿ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಮೂಡುತ್ತೆ. ಗೆರೆ ಕಂಡರೆ ಆ ಕ್ರ್ಯಾಂಕನ್ನ ಸವಾರಿಗೆ ಮಾರಲೇಬಾರದು. ಇಳಿಜಾರಿನಲ್ಲಿ ಎದ್ದು ನಿಂತು ತುಳಿಯುವಾಗ ತುಂಡಾದರೆ ಸವಾರ ರಸ್ತೆ ಮೇಲಿರ್ತಾನೆ.

ಹ್ಯಾಂಡಲ್ ಕ್ಲ್ಯಾಂಪಿನ ಪಕ್ಕ, ಹಬ್ಬಿನ ಫ್ಲೇಂಜ್‌ನಲ್ಲಿ ಕಡ್ಡಿ ತೂರೋ ತೂತುಗಳ ನಡುವೆಯೂ ಹೀಗೇ ನೋಡಿ. ಹ್ಯಾಂಡಲ್ ಬಿಡಿಯಾಗಿ ಮಾರುವಾಗ ಕ್ಲ್ಯಾಂಪ್ ವ್ಯಾಸ ಅಳೆದು ಬರೆಯಿರಿ. ಹಳೇ ಚಿನೆಲ್ಲಿ 26.4, ಇತರ ಇಟಾಲಿಯನ್ 26.0, ಫ್ರೆಂಚ್ 25.0. ಅರ್ಧ ಮಿ.ಮೀ. ತಪ್ಪಾದರೂ ಸ್ಟೆಮ್ ಬಿರಿಯುತ್ತೆ.

ಲಗ್ ನೋಟ:
ಬಿಚ್ಚಿ ಮಾರುವ ಮಾತಿಗೆ ನನ್ನ ತಕರಾರಿದೆ. ಡಿರೇಲರ್ 76, ಕ್ರ್ಯಾಂಕ್ 77, ಫ್ರೇಮಿನ ಲಕ್ಷಣವೂ ಅದೇ ಕಾಲ. ಐವತ್ತು ವರ್ಷ ಒಟ್ಟಿಗಿದ್ದ ಸಾಮಾನು. ಒಮ್ಮೆ ಚದುರಿದರೆ ಆ ಜೊತೆ ಮತ್ತೆ ಸೇರುವುದಿಲ್ಲ. ಫ್ರೇಮಿನ ಗುರುತು ಸಿಗುವ ತನಕ ಒಂದು ಬೋಲ್ಟನ್ನೂ ಬೇರೆ ಕಡೆ ಕಳಿಸಬೇಡಿ.

ಗುರುತಿಗೆ ಲಗ್ಗುಗಳನ್ನು ನೋಡಿ. ಇಟಲಿಯ ತಯಾರಕ ಕೊಲ್ನಾಗೋ ಆದರೆ ಇಸ್ಪೀಟಿನ ಕ್ಲಾವರ್ ಎಲೆಯ ಆಕಾರ ಕೊರೆದಿರುತ್ತದೆ, ಡಿ ರೋಸಾ ಆದರೆ ಹೃದಯ. ಬಾಟಮ್ ಬ್ರಾಕೆಟ್ ಅಡಿ, ಹಿಂದಿನ ಡ್ರಾಪ್‌ಔಟ್, ಸೀಟ್ ಲಗ್, ಫೋರ್ಕ್ ಸ್ಟೀರರ್ ಈ ನಾಲ್ಕು ಕಡೆ ಅಚ್ಚು ಹುಡುಕಿ. ಬಹಳ ಕೊಲ್ನಾಗೋ ಸೂಪರ್ ಫ್ರೇಮುಗಳಿಗೆ ನಂಬರೇ ಇಲ್ಲ, ಹಾಗಾಗಿ ನಂಬರ್ ಇಲ್ಲ ಅಂತ ಕೈಬಿಡಬೇಡಿ. ರ್‍ಯಾಲೀಯ ಇಲ್ಕೆಸ್ಟನ್ ವಿಶೇಷ ವಿಭಾಗದ ಫ್ರೇಮಾದರೆ 'ಎಸ್‌ಬಿ' ಅಕ್ಷರದಿಂದ ಶುರುವಾಗುವ ನಂಬರ್ ಇರುತ್ತದೆ. ಹೆಸರೊಂದೇ ಸಾಲದು ಅನ್ನುವುದಕ್ಕೆ ಮಾಸಿ ಗ್ರಾನ್ ಕ್ರಿಟೀರಿಯಂ ನೋಡಿ. ಅದು ಮಿಲಾನಿನಲ್ಲೂ ತಯಾರಾಯಿತು, 1973ರಿಂದ ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬ್ಯಾಡ್‌ನಲ್ಲೂ ತಯಾರಾಯಿತು. ಯಾವ ಊರಿನದು ಅನ್ನುವುದು ನಂಬರಿನಿಂದಲೇ ತಿಳಿಯಬೇಕು.

ಸ್ಟಿಕರ್ ಅನ್ನು ಯಾವತ್ತೂ ಸಾಕ್ಷಿ ಅಂತ ತೆಗೆದುಕೊಳ್ಳಬೇಡಿ. ಯಾರು ಬೇಕಾದರೂ ಮುದ್ರಿಸಿ ಅಂಟಿಸಬಹುದು. ಕೊರೆದದ್ದು, ಒತ್ತಿದ್ದು, ಬ್ರೇಜ್ ಮಾಡಿದ್ದು ಇವೇ ಸಾಕ್ಷಿ.

ಬಣ್ಣದ ವಿಷಯ ಬೆಲೆಪಟ್ಟಿಯವರು ಬಿಟ್ಟರು. ಗೀರು, ಸಣ್ಣ ತುಕ್ಕು ಇರುವ ಮೂಲ ಬಣ್ಣ ನೂರು ಪಾಲಾದರೆ, ಒಳ್ಳೆಯ ಕೈಯ ಹೊಸ ಬಣ್ಣಕ್ಕೆ ನಾನು ಎಪ್ಪತ್ತು ಕೊಡುತ್ತೇನೆ. ಪೌಡರ್ ಕೋಟಿಂಗ್ ಆದರೆ ಐವತ್ತು, ಯಾಕೆಂದರೆ ಅದು ದಪ್ಪವಾಗಿ ಲಗ್ಗಿನ ಅಂಚನ್ನು ಮುಚ್ಚಿಬಿಡುತ್ತದೆ, ಫೈಲ್ ಹಿಡಿದು ಅಂಚು ತೆಳ್ಳಗೆ ಮಾಡಿದ ಕೈಕೆಲಸವೇ ಕಾಣುವುದಿಲ್ಲ. ಈ ಅಂಕಿ ನನ್ನ ಅಂದಾಜು. ತಯಾರಕರೇ ಮತ್ತೆ ಬಣ್ಣ ಹಾಕಿಕೊಟ್ಟ ಕಾಗದ ಇದ್ದರೆ ಲೆಕ್ಕ ಬೇರೆ.

ಮತ್ತೆ ಬಣ್ಣ ಹೊಡೆದ ಫ್ರೇಮು ಕಂಡಾಗಲೆಲ್ಲ ಕೇಳಬೇಕಾದ ಪ್ರಶ್ನೆ ಒಂದಿದೆ: ಯಾಕೆ ಹೊಡೆಸಿದರು?

ಹಳೆಗಾಲಿ:
ಸ್ಟೆಮ್ ಬಿಟ್ಟಿತು, ಫೋರ್ಕ್ ಇಳಿಸಿ ನೋಡಿದೆ. ಸ್ಟೀರರ್ ಒಳಗೆ ಏಣು ಇಲ್ಲ, ನುಣುಪಾಗಿದೆ. ಪಾರಿವಾಳವೂ ಇಲ್ಲ. ಹೆಡ್‌ಸೆಟ್ ಮೇಲಿನ ಕಪ್ಪು, ನಟ್ಟು ಕ್ಯಾಂಪಗ್ನೋಲೊ, ಆದರೆ ಫೋರ್ಕ್ ಕ್ರೌನ್ ಮೇಲಿನ ರೇಸ್ (ಬೇರಿಂಗ್ ಉಂಗುರ) ಬೇರೆ ಯಾವುದೋ. ಅದನ್ನ ತೆಗೆದು ಅದು ಕೂರೋ ಜಾಗ ಅಳೆದರೆ 27.0 ಮಿ.ಮೀ. ಲಗ್ಗುಗಳಲ್ಲಿ ಕೊರೆದ ಆಕಾರ ಏನೂ ಇಲ್ಲ.

ಲಗ್ ನೋಟ:
27.0 ಅಂದರೆ ಜಪಾನಿ ಅಳತೆ. ಇಟಾಲಿಯನ್ ಫೋರ್ಕಿಗೆ ಅಲ್ಲಿ 26.5 ಇರಬೇಕಿತ್ತು. ಫೋರ್ಕ್ ಬದಲಾಗಿದೆ.

ಫೋರ್ಕು ಸುಮ್ಮನೆ ಬದಲಾಗುವುದು ಅಪರೂಪ. ಎದುರಿಂದ ಎಲ್ಲಿಗೋ ಗುದ್ದಿ ಹಳೆಯದು ಬಾಗಿರಬೇಕು. ಆ ಏಟು ಫೋರ್ಕಿನಲ್ಲೇ ನಿಲ್ಲುತ್ತದೆ ಅನ್ನುವ ಹಾಗಿಲ್ಲ. ಬಟೆಡ್ ಟ್ಯೂಬಿನ ತುದಿ ದಪ್ಪ, ಹೊಟ್ಟೆ ತೆಳು. ದಪ್ಪ ಮುಗಿದು ತೆಳುವಾಗುವ ಕಡೆ, ಅಂದರೆ ಹೆಡ್ ಲಗ್ಗಿನ ಹಿಂದೆ ನಾಲ್ಕರಿಂದ ಹತ್ತು ಸೆಂ.ಮೀ. ಒಳಗೆ, ಡೌನ್ ಟ್ಯೂಬಿನ ಅಡಿಭಾಗ ಮಡಿಕೆ ಬೀಳುತ್ತದೆ. ಟಾಪ್ ಟ್ಯೂಬಿನ ಅಡಿಯಲ್ಲೂ ಅದೇ ಜಾಗದಲ್ಲಿ ನೋಡಿ.

ಕಣ್ಣು ಮುಚ್ಚಿ ಬೆರಳ ತುದಿಯನ್ನು ಲಗ್ಗಿನ ಅಂಚಿನಿಂದ ಕೆಳಕ್ಕೆ ಜಾರಿಸಿ. ಬಣ್ಣ ಕಣ್ಣಿಗೆ ಮರೆಮಾಡಿದ್ದು ಬೆರಳಿಗೆ ಸಿಗುತ್ತದೆ. ಆಮೇಲೆ ಸ್ಟೀಲ್ ಸ್ಕೇಲನ್ನು ಉದ್ದಕ್ಕೆ ಒತ್ತಿಟ್ಟು ಹಿಂದಿನಿಂದ ಟಾರ್ಚ್ ಬಿಡಿ. ಅದೇ ಜಾಗದಲ್ಲಿ ವರ್ನಿಯರ್ ಹಿಡಿದು ಮೇಲೆ ಕೆಳಗೆ ಒಂದು ಅಳತೆ, ಅಕ್ಕಪಕ್ಕ ಒಂದು ಅಳತೆ. ಎರಡೂ 28.6ರ ಹತ್ತಿರ, ಬಣ್ಣ ಸೇರಿ 0.1ರಿಂದ 0.3 ಮಿ.ಮೀ.ನಷ್ಟೇ ಹೆಚ್ಚು ಇರಬೇಕು.

ಚೈನ್‌ಲೈನ್:
ಜೊತೆಗೆ ದಾರದ ಪರೀಕ್ಷೆಯನ್ನೂ ಮಾಡಿ. ಒಂದು ಡ್ರಾಪ್‌ಔಟಿಗೆ ದಾರ ಕಟ್ಟಿ, ಹೆಡ್ ಟ್ಯೂಬ್ ಸುತ್ತಿ ತಂದು ಇನ್ನೊಂದು ಡ್ರಾಪ್‌ಔಟಿಗೆ ಬಿಗಿಯಾಗಿ ಕಟ್ಟಿ. ದಾರದಿಂದ ಸೀಟ್ ಟ್ಯೂಬಿಗೆ ಎಡಬಲ ಎಷ್ಟೆಷ್ಟು ಅಂತ ಅಳೆಯಿರಿ. ಒಂದು ಮಿ.ಮೀ. ವ್ಯತ್ಯಾಸ ಲೆಕ್ಕಕ್ಕಿಲ್ಲ, ಎರಡು ಮೂರಿದ್ದರೆ ಸ್ಟೀಲ್ ಆದ್ದರಿಂದ ಬಗ್ಗಿಸಿ ಸರಿಮಾಡಬಹುದು. ಇನ್ನು 126 ಮಿ.ಮೀ. ಬಗ್ಗೆ: ಐದು ಹಲ್ಲುಚಕ್ರದ ಫ್ರೀವೀಲಿಗೆ 120 ಇರ್ತಿತ್ತು, ಆರಕ್ಕೆ 126. ಯಾರಾದರೂ 120ನ್ನ ಅಗಲಿಸಿದ್ದರೆ ಎರಡು ಡ್ರಾಪ್‌ಔಟ್ ಮುಖ ಒಂದಕ್ಕೊಂದು ಸಮಾನಾಂತರ ಇರಲ್ಲ, ಆಕ್ಸೆಲ್ ಮುರಿಯೋದು ಅದರಿಂದಲೇ.

ಹಳೆಗಾಲಿ:
ದಾರದಲ್ಲಿ ವ್ಯತ್ಯಾಸ ಒಂದೂವರೆ ಮಿ.ಮೀ. ಡ್ರಾಪ್‌ಔಟ್ ಮುಖ ಸಮವಾಗಿವೆ. ಆದರೆ ಡೌನ್ ಟ್ಯೂಬ್ ಅಡಿಯಲ್ಲಿ ಲಗ್ಗಿನಿಂದ ಆರು ಸೆಂ.ಮೀ. ಕೆಳಗೆ ಬೆರಳಿಗೆ ಅಲೆ ಸಿಕ್ಕಿತು. ಸ್ಕೇಲ್ ಇಟ್ಟರೆ ಎರಡು ಪಕ್ಕ ಬೆಳಕು ತೂರುತ್ತೆ. ಅಕ್ಕಪಕ್ಕದ ಅಳತೆ 29.3, ಮೇಲೆ ಕೆಳಗಿನದು 28.2. ಟಾಪ್ ಟ್ಯೂಬ್ ಚೆನ್ನಾಗಿದೆ. ಕ್ರ್ಯಾಂಕ್‌ಗೆ ಸೀಮೆಸುಣ್ಣ ಹಾಕಿ ನೋಡಿದೆ, ಗೆರೆ ಇಲ್ಲ.

ಲಗ್ ನೋಟ:
ಹಾಗಾದರೆ ಆ ನೀಲಿ ಬಣ್ಣ ಯಾಕೆ ಬಂತು ಅನ್ನುವುದು ತಿಳಿಯಿತು. ಏಟು ಬಿದ್ದಿದೆ, ಫೋರ್ಕ್ ಬದಲಿಸಿ ಮೇಲೆ ಬಣ್ಣ ಎಳೆದಿದ್ದಾರೆ. ಕಡ್ಡಿ36ರವರ ಮಾತಿಗೆ ನನ್ನ ತಕರಾರು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಈ ಸ್ಥಿತಿಯಲ್ಲಿ ಬಿಚ್ಚಿ ಮಾರುವುದೇ ಸರಿ.

ಬೆಲೆಪಟ್ಟಿ:
ಈಗ ಲೆಕ್ಕ ಹೀಗೆ ಬರೆಯಿರಿ. ಫ್ರೇಮು, ಫೋರ್ಕು, ಸೀಟ್‌ಪೋಸ್ಟ್ ಮೂರಕ್ಕೂ ಸೊನ್ನೆ. ಹೆಡ್‌ಸೆಟ್‌ಗೆ ಕಾಲುಭಾಗ, ಯಾಕಂದರೆ ಕ್ರೌನ್ ರೇಸ್ ಇಲ್ಲ. ಬ್ರೇಕ್ ಲಿವರಿಗೆ ಹುಡ್ ಇಲ್ಲದ ಬೆಲೆ. ಕ್ರ್ಯಾಂಕ್ ಜೋಡಿ ಒಂದೇ ಇಸವಿ, ಬಿರುಕಿಲ್ಲ, ಹಾಗಾಗಿ ಪೂರ್ತಿ ಬೆಲೆ. ತೋಳಿನ ಹಿಂಬದಿ ಅಚ್ಚಿನ ಫೋಟೋ ಹಾಕಿ. ಡಿರೇಲರ್ ಪಿವೋಟ್‌ನಲ್ಲಿ ಆಟ ಎಷ್ಟಿದೆ ಕೈಯಲ್ಲಿ ಅಲುಗಿಸಿ ನೋಡಿ ಬರೆಯಿರಿ. ನ್ಯೂವೊ ರೆಕಾರ್ಡ್ ಬೇಕಾದಷ್ಟು ಸಿಗೋ ಮಾದರಿ, ಸವೆದಿದ್ದರೆ ಯಾರೂ ಮುಟ್ಟಲ್ಲ. ಪಾಲಿಶ್ ಹೊಡೀಬೇಡಿ, ಮೂಲ ಆನೊಡೈಸಿಂಗ್ ಹೋದರೆ ಸಂಗ್ರಹಕಾರರು ದೂರ ಸರೀತಾರೆ. ಚಕ್ರಗಳನ್ನ ಜೋಡಿಯಾಗೇ ಕೊಡಿ, ಫ್ರೀವೀಲ್ ಬಿಚ್ಚೋಕೆ ಸರಿಯಾದ ಟೂಲ್ ಇಲ್ಲದೆ ಕೈ ಹಾಕಬೇಡಿ, ಎರಡು ಕಚ್ಚಿನದಾದರೆ ಜಾರಿ ಕಚ್ಚೇ ಹಾಳಾಗುತ್ತೆ.

ತುಕ್ಕುವೈರಿ:
ಫ್ರೇಮಿಗೆ ಸೊನ್ನೆ ಬರೆಯೋ ಮೊದಲು ಒಂದು ಕೆಲಸ ಉಳಿದಿದೆ. ಡೌನ್ ಟ್ಯೂಬ್ ಬದಲಿಸೋ ಕುಶಲಕರ್ಮಿಗಳು ಇದ್ದಾರೆ: ಹಳೇದನ್ನ ಕತ್ತರಿಸಿ, ಲಗ್ಗು ಬಿಸಿಮಾಡಿ ತುಂಡು ತೆಗೆದು, ಹೊಸ ಟ್ಯೂಬ್ ಬ್ರೇಜ್ ಮಾಡ್ತಾರೆ. ಆ ಕೂಲಿ ಹೆಸರಿಲ್ಲದ ಫ್ರೇಮಿಗೆ ದಂಡ, ಹೆಸರಿರೋ ಫ್ರೇಮಿಗೆ ಲಾಭ. ಬಾಟಮ್ ಬ್ರಾಕೆಟ್ ಅಡಿ ಮತ್ತು ಸೀಟ್ ಲಗ್ ಹಿಂಬದಿ, ಈ ಎರಡೇ ಕಡೆ ಪೇಂಟ್ ರಿಮೂವರ್ ಹಚ್ಚಿ ಮರದ ಚಕ್ಕೆಯಿಂದ ಕೆರೆಯಿರಿ. ಉಪ್ಪುಕಾಗದ ಬೇಡ, ಅದು ಅಚ್ಚನ್ನೂ ಸವೆಸುತ್ತೆ. ನಂಬರ್ ಅರ್ಧಂಬರ್ಧ ಕಂಡರೆ ತೆಳು ಕಾಗದ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿ.

ಹಳೆಗಾಲಿ:
ಬಾಟಮ್ ಬ್ರಾಕೆಟ್ ಅಡಿ ಏನೂ ಇಲ್ಲ. ಸೀಟ್ ಲಗ್ ಪಕ್ಕ ನೀಲಿ ಕೆಳಗೆ ಕೆಂಪು, ಅದರ ಕೆಳಗೆ 56 ಅಂತ ಮಾತ್ರ ಒತ್ತಿದ್ದಾರೆ.

ಲಗ್ ನೋಟ:
ಅದು ಅಳತೆಯ ಅಚ್ಚು, ನಂಬರ್ ಅಲ್ಲ. ಅದರಿಂದ ತಯಾರಕ ಗೊತ್ತಾಗುವುದಿಲ್ಲ. ಫ್ರೇಮನ್ನು "ಡೌನ್ ಟ್ಯೂಬ್ ಮಡಿಕೆ ಬಿದ್ದಿದೆ, ಸವಾರಿಗೆ ಯೋಗ್ಯವಲ್ಲ" ಅಂತ ಮೊದಲ ಸಾಲಿನಲ್ಲೇ ಬರೆದು, ಮಡಿಕೆಯ ಫೋಟೋ ಹಾಕಿ, ಬ್ರೇಜಿಂಗ್ ಕಲಿಯುವವರಿಗೆ ಕೊಡಿ. ಡ್ರಾಪ್‌ಔಟ್ ಮೇಲೆ ಕ್ಯಾಂಪಗ್ನೋಲೊ ಅಚ್ಚಿದ್ದರೆ ಅದನ್ನೂ ಬರೆಯಿರಿ, ಅವರು ಅದಕ್ಕಾಗಿಯೇ ಕೊಳ್ಳುತ್ತಾರೆ.